ಗುಜರಿಯಿಂದ ಗಗನಕ್ಕೆ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಹೆಸರನ್ನು ಬರೆಯುತ್ತಾರೆ. ಸೋತವರ ಹೆಸರನ್ನೂ ಬರೆಯುತ್ತಾರೆ. ಮಡಿದವರ ಲೆಕ್ಕವನ್ನು ಕೊಡುತ್ತಾರೆ. ಆದರೆ ಕಾಳಗ ನಿಂತ ಮರುದಿನ ಆಯುಧಗಳ ಗತಿ ಏನಾಯಿತೆಂಬುದನ್ನು ಹೇಳುವವರು ವಿರಳ. ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಅಷ್ಟು ದೊಡ್ಡದಾಗಿರಲಿಲ್ಲ. ಕತ್ತಿ ಒರೆಯೊಳಗೆ ಸೇರುತ್ತಿತ್ತು, ಕುದುರೆ ಲಾಯಕ್ಕೆ ಮರಳುತ್ತಿತ್ತು. ಇಪ್ಪತ್ತನೆಯ ಶತಮಾನದ ಯುದ್ಧಗಳಾದರೋ ಲಕ್ಷಗಟ್ಟಲೆ ಯಂತ್ರಗಳ ಯುದ್ಧಗಳು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಅಮೆರಿಕವೊಂದೇ ಸುಮಾರು ಮೂರು ಲಕ್ಷ ವಿಮಾನಗಳನ್ನು ಕಟ್ಟಿತು. 1945ರಲ್ಲಿ ಯುದ್ಧ ನಿಂತಾಗ, ಇಷ್ಟೊಂದು ಲೋಹದ ಹಕ್ಕಿಗಳನ್ನು ಏನು ಮಾಡಬೇಕೆಂಬುದೇ ಗೆದ್ದ ರಾಷ್ಟ್ರಗಳಿಗೆ ಒಂದು ಹೊರೆಯಾಯಿತು.

ಬಡವನಿಗೆ ಈ ಬಗೆಯ ಹೊರೆ ತಿಳಿಯದು. ಹುಕ್ಕೇರಿಯ ರೈತನ ನೇಗಿಲ ಕುಳ ಸವೆದರೆ ಅದು ಕಮ್ಮಾರನ ಕುಲುಮೆಗೆ ಹೋಗುತ್ತದೆ. ಕಾದು, ಬಡಿಸಿಕೊಂಡು, ಮತ್ತೆ ಹೊಲಕ್ಕೆ ಬರುತ್ತದೆ. ಮೂಡಲಗಿಯ ಬಂಡಿಯ ಒಂದು ಅರೆ ಮುರಿದರೆ ಬಡಿಗನು ಆ ಅರೆಯನ್ನಷ್ಟೇ ಬದಲಿಸುತ್ತಾನೆ. ಬಂಡಿಯನ್ನು ಒಲೆಗೆ ಹಾಕುವುದಿಲ್ಲ. ಗೋಕಾಕ ಜಲಪಾತದ ಬಳಿ, ಘಟಪ್ರಭೆಯ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಹತ್ತಿಯ ಗಿರಣಿ ತಿರುಗತೊಡಗಿತು. ಹಲ್ಲುಗಾಲಿಯೊಂದು ಮುರಿದರೆ ಯಂತ್ರವೇ ಮುಗಿಯಿತೆಂದು ಭಾವಿಸದಿರುವುದು ಗಿರಣಿಯ ಕೆಲಸಗಾರನು ಮೊದಲು ಕಲಿಯುವ ಪಾಠ. ಮುರಿದುದನ್ನು ಕೂಡಿಸಿ ಬಾಳಿಸುವ ಈ ಗುಣವನ್ನು ಬಡತನದ ಗುರುತೆಂದು ಕೆಲವರು ಹೀಗಳೆಯುವುದುಂಟು. ಆದರೆ ಸ್ವತಂತ್ರ ಭಾರತದ ಮೊದಲ ವರ್ಷಗಳಲ್ಲಿ ಇದೇ ಗುಣವು ದೇಶದ ರಕ್ಷಣೆಗೆ ಒದಗಿ ಬಂದಿತು. ಬೇರೊಂದು ರಾಷ್ಟ್ರವು ಬೇಕೆಂದೇ ಒಡೆದು ಬಿಸುಟ ಯುದ್ಧವಿಮಾನಗಳನ್ನು ಕನ್ನಡ ನಾಡಿನ ಒಂದು ಕಾರ್ಖಾನೆಯು ಆರಿಸಿ ತಂದು, ಮತ್ತೆ ಆಕಾಶಕ್ಕೆ ಏರಿಸಿತು.

ಆ ಯುದ್ಧದ ಬಿಸಿ ಬೆಳಗಾವಿ ಸೀಮೆಗೂ ತಾಗಿತ್ತು. 1942ರಲ್ಲಿ ಜಪಾನಿನ ಸೇನೆಗಳು ಬರ್ಮಾ ದೇಶವನ್ನು ವಶಪಡಿಸಿಕೊಂಡು ಭಾರತದ ಪೂರ್ವದ ಬಾಗಿಲಿಗೆ ಬಂದು ನಿಂತವು. ಅದೇ ವರ್ಷ ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ ಎಂಬ ಹಳ್ಳಿಯ ಬಯಲಿನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಒಂದು ವಿಮಾನ ನಿಲ್ದಾಣವನ್ನು ಕಟ್ಟಿತು. ಬರ್ಮಾದ ರಣರಂಗವು ಅಲ್ಲಿಂದ ಬಹು ದೂರ. ಆದರೂ ವೈಮಾನಿಕರ ತರಬೇತಿಗೂ, ತುರ್ತು ಸಮಯದಲ್ಲಿ ಇಳಿದಾಣವಾಗಿಯೂ ಅದು ಒದಗುವಂತಿತ್ತು. ಎತ್ತಿನ ಬಂಡಿಯ ವೇಗಕ್ಕೆ ಒಗ್ಗಿದ್ದ ಸೀಮೆಗೆ ಯಂತ್ರಯುಗದ ಯುದ್ಧವು ಹೀಗೆ ತಲೆಯ ಮೇಲಿನಿಂದ ಬಂದಿತು.

ಇತ್ತ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಕಾರ್ಯವೊಂದು ಆರಂಭವಾಗಿತ್ತು. ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಭಾರತದಲ್ಲಿಯೇ ವಿಮಾನ ಕಟ್ಟಬೇಕೆಂಬ ಹಂಬಲವನ್ನು ಹೊತ್ತವರು. ಅಮೆರಿಕದ ವಿಲಿಯಂ ಪಾಲೆಯವರ ತಾಂತ್ರಿಕ ನೆರವೂ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿದ್ದ ಮೈಸೂರು ಸರ್ಕಾರದ ಬೆಂಬಲವೂ ಅವರಿಗೆ ದೊರೆತವು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನವು ಹಾರಿತು. ಅದರ ಹಿಂದೆಯೇ ಕರ್ಟಿಸ್ ಹಾಕ್ ಎಂಬ ಕಾದಾಟದ ವಿಮಾನವೂ ಹೊರಬಂದಿತು.

ಆದರೆ ಯುದ್ಧವು ಬಿರುಸಾದಂತೆ ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ ಹಾನಿಗೊಂಡು ಬಂದವುಗಳನ್ನು ದುರಸ್ತಿ ಮಾಡುವುದೇ ಹೆಚ್ಚು ಅವಶ್ಯವಾಯಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಿಮಾನದಳದ ಕೈಗೆ ಹೋಯಿತು. ಡಕೋಟಾ ಎಂಬ ಸಾಗಣೆ ವಿಮಾನಗಳೂ ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯಬಲ್ಲ ವಿಮಾನಗಳೂ ದುರಸ್ತಿಗಾಗಿ ಅಲ್ಲಿಗೆ ಬಂದವು. ಸಾವಿರಾರು ಸ್ಥಳೀಯ ಕೆಲಸಗಾರರು ಅವುಗಳನ್ನು ಬಿಚ್ಚಿದರು, ತೊಳೆದರು, ಸವೆದ ಭಾಗಗಳನ್ನು ತೆಗೆದು ಹೊಸವನ್ನು ಕೂಡಿಸಿದರು. ರೈಲಿನ ಎಂಜಿನನ್ನೂ ಹತ್ತಿರದಿಂದ ನೋಡಿರದ ತರುಣರು ಎರಡು ಮೂರು ವರ್ಷಗಳಲ್ಲಿ ವಿಮಾನದ ನರನಾಡಿಗಳನ್ನು ಬಲ್ಲವರಾದರು. ಯುದ್ಧವು ಬೆಂಗಳೂರಿಗೆ ಕೊಟ್ಟು ಹೋದ ನಿಜವಾದ ಆಸ್ತಿ ಈ ಕೈಗಳ ಅರಿವೇ.

ಈ ಕಥೆಯ ನಾಯಕನೆನ್ನಬಹುದಾದ ವಿಮಾನ ಲಿಬರೇಟರ್. 'ವಿಮೋಚಕ' ಎಂಬುದು ಆ ಹೆಸರಿನ ಅರ್ಥ. ಅಮೆರಿಕದ ಕನ್ಸಾಲಿಡೇಟೆಡ್ ಎಂಬ ಸಂಸ್ಥೆಯು ರೂಪಿಸಿದ ಈ ಭಾರಿ ಬಾಂಬು ವಿಮಾನವು 1939ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 110 ಅಡಿ. ಉದ್ದ ಸುಮಾರು 67 ಅಡಿ. ರೆಕ್ಕೆಗಳಲ್ಲಿ ನಾಲ್ಕು ಎಂಜಿನುಗಳು. ಒಂದೊಂದಕ್ಕೂ 1,200 ಅಶ್ವಶಕ್ತಿ. ಹತ್ತು ಮಂದಿಯ ತಂಡವನ್ನೂ ಬಾಂಬುಗಳ ಹೊರೆಯನ್ನೂ ಹೊತ್ತು ಬಹುದೂರ ಹಾರಿ ಹಿಂದಿರುಗುವ ಶಕ್ತಿ ಅದಕ್ಕಿತ್ತು. ಯುದ್ಧ ಮುಗಿಯುವುದರೊಳಗೆ ಇಂತಹ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಮೋಟಾರುಗಳಿಗೆ ಹೆಸರಾದ ಫೋರ್ಡ್ ಸಂಸ್ಥೆಯ ಕಾರ್ಖಾನೆಯೊಂದರಲ್ಲಿ 1944ರ ವೇಳೆಗೆ ಹೆಚ್ಚುಕಡಿಮೆ ಗಂಟೆಗೊಂದರಂತೆ ಲಿಬರೇಟರ್ ಹೊರಬೀಳುತ್ತಿತ್ತು. ಭಾರತದ ಪೂರ್ವ ಭಾಗದ ನೆಲೆಗಳಿಂದ ಹಾರಿದ ಬ್ರಿಟಿಷ್ ಲಿಬರೇಟರುಗಳು ಬರ್ಮಾದ ರೈಲುಮಾರ್ಗಗಳನ್ನೂ ಸೇತುವೆಗಳನ್ನೂ ಬಾಂಬಿನಿಂದ ಕೆಡವಿ ಜಪಾನಿನ ಸೇನೆಗೆ ಸರಬರಾಜು ದೊರೆಯದಂತೆ ಮಾಡಿದವು.

1945ರ ಆಗಸ್ಟಿನಲ್ಲಿ ಜಪಾನು ಶರಣಾಯಿತು. ಗಂಟೆಗೊಂದರಂತೆ ಹುಟ್ಟಿದ ವಿಮಾನಗಳು ಒಂದೇ ದಿನದಲ್ಲಿ ಬೇಡದ ವಸ್ತುಗಳಾದವು. ಅಮೆರಿಕದ ಅರಿಜೋನಾ ಪ್ರಾಂತದ ಕಿಂಗ್‌ಮನ್ ಎಂಬ ಮರುಭೂಮಿಯ ಬಯಲಿನಲ್ಲಿ 5,000ಕ್ಕೂ ಹೆಚ್ಚು ಯುದ್ಧವಿಮಾನಗಳನ್ನು ಸಾಲಾಗಿ ನಿಲ್ಲಿಸಲಾಯಿತು. ಕಾರ್ಖಾನೆಯಿಂದ ನೇರವಾಗಿ ಅಲ್ಲಿಗೆ ಬಂದ, ಒಂದು ದಿನವೂ ಯುದ್ಧವನ್ನು ಕಾಣದ ವಿಮಾನಗಳೂ ಅವುಗಳಲ್ಲಿದ್ದವು. ಅವುಗಳನ್ನು ತುಂಡರಿಸಿ, ಕುಲುಮೆಗೆ ಹಾಕಿ, ಅಲ್ಯೂಮಿನಿಯಮ್ ಗಟ್ಟಿಗಳನ್ನಾಗಿ ಮಾಡಲಾಯಿತು. ಆಕಾಶದಲ್ಲಿ ಗುಡುಗಿದ ರೆಕ್ಕೆ ಹೀಗೆ ಅಡುಗೆಯ ಪಾತ್ರೆಯೋ ಮನೆಯ ಕಿಟಕಿಯೋ ಆಗಬಲ್ಲ ಲೋಹವಾಯಿತು. ಕೊಲ್ಲುವ ವಸ್ತುವು ಬಾಳುವೆಯ ವಸ್ತುವಾಗುವುದು ಒಳ್ಳೆಯದೇ. ಆದರೆ ಎಷ್ಟು ಜನರ ಬುದ್ಧಿ, ಎಷ್ಟು ಜನರ ಬೆವರು ಆ ಬೆಂಕಿಯಲ್ಲಿ ಕರಗಿತೆಂದು ನೆನೆದರೆ ಮನಸ್ಸು ಒಂದು ಕ್ಷಣ ತಡೆಯದಿರದು.

ಭಾರತದ ನೆಲದಲ್ಲಿದ್ದ ಲಿಬರೇಟರುಗಳ ಕಥೆ ಬೇರೆ. ಅವು ಬ್ರಿಟನ್ನಿನ ಕೈಯಲ್ಲಿದ್ದರೂ ಬ್ರಿಟನ್ನಿನವಲ್ಲ. ಅಮೆರಿಕವು 1941ರ ಮಾರ್ಚಿನಲ್ಲಿ ಲೆಂಡ್-ಲೀಸ್ ಎಂಬ ಕಾಯಿದೆಯನ್ನು ಮಾಡಿ ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಎರವಲಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಉಳಿದ ಸಾಮಗ್ರಿಯನ್ನು ಒಂದೋ ಹಿಂದಿರುಗಿಸಬೇಕು, ಇಲ್ಲವೆ ಬೆಲೆ ಕೊಟ್ಟು ಇಟ್ಟುಕೊಳ್ಳಬೇಕು, ಅದೂ ಆಗದಿದ್ದರೆ ಮತ್ತೆ ಬಳಕೆಗೆ ಬಾರದಂತೆ ನಾಶಮಾಡಬೇಕು. ಸಾವಿರಾರು ಮೈಲಿ ದೂರದ ಅಮೆರಿಕಕ್ಕೆ ಹಳೆಯ ಬಾಂಬು ವಿಮಾನಗಳು ಬೇಕಿರಲಿಲ್ಲ. ಯುದ್ಧದಿಂದ ಬರಿಗೈಯಾಗಿದ್ದ ಬ್ರಿಟನ್ನಿಗೆ ಡಾಲರು ತೆತ್ತು ಕೊಳ್ಳುವ ಶಕ್ತಿಯಿರಲಿಲ್ಲ. ಉಳಿದುದು ಮೂರನೆಯ ದಾರಿ.

ಕಾನ್ಪುರದ ಚಕೇರಿ ವಿಮಾನ ನಿಲ್ದಾಣದಲ್ಲಿ ಆ ಕಾರ್ಯ ನಡೆಯಿತು. ಲಿಬರೇಟರುಗಳನ್ನು ಅಲ್ಲಿ ಕೂಡಿಹಾಕಿ, ಬಂದೂಕುಗಳನ್ನು ಕಳಚಿ, ಮಾಪಕಗಳನ್ನು ಒಡೆದು, ಎಂಜಿನುಗಳೊಳಗೆ ಮರಳನ್ನು ಸುರಿದರು. ಬುಲ್ಡೋಜರುಗಳಿಂದ ಕೆಲವನ್ನು ಜಖಂಗೊಳಿಸಿದರು. ಕೆಲವನ್ನು ಕ್ರೇನಿನಿಂದ ಎತ್ತಿ ನೆಲಕ್ಕೆ ಕೆಡವಿದರು. ಒಂದು ಕಾಲದಲ್ಲಿ ವೈಮಾನಿಕರ ಪ್ರಾಣವನ್ನು ಹೊತ್ತು ತಂದ ವಿಮಾನಗಳು ಹೀಗೆ ಗುಜರಿಯ ರಾಶಿಯಾದವು. ಬಿಸಿಲು ಮಳೆಗಳಲ್ಲಿ ಅವುಗಳ ಸುತ್ತ ಹುಲ್ಲು ಬೆಳೆಯಿತು.

ಈ ನಡುವೆ ದೇಶದ ಸ್ಥಿತಿಯೇ ಬದಲಾಯಿತು. 1947ರಲ್ಲಿ ಸ್ವಾತಂತ್ರ್ಯ ಬಂದಿತು. ಅದರೊಡನೆ ವಿಭಜನೆಯೂ ಬಂದಿತು. ಮನೆ ಹಿಸ್ಸೆಯಾದಾಗ ಪಾತ್ರೆಪಡಗಗಳು ಪಾಲಾಗುವಂತೆ ವಾಯುಪಡೆಯೂ ಪಾಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತು. ಭಾರತದ ಬಳಿ ಟೆಂಪೆಸ್ಟ್, ಸ್ಪಿಟ್‌ಫೈರ್‌ಗಳೆಂಬ ಕಾದಾಟದ ವಿಮಾನಗಳಿದ್ದವು, ಡಕೋಟಾಗಳಿದ್ದವು. ಆದರೆ ದೂರ ಹಾರಬಲ್ಲ ಭಾರಿ ಬಾಂಬು ವಿಮಾನ ಒಂದೂ ಇರಲಿಲ್ಲ. ಹೊರದೇಶದಿಂದ ಕೊಳ್ಳೋಣವೆಂದರೆ ಬೆಲೆ ಅಪಾರ. ನಿರಾಶ್ರಿತರಿಗೆ ಅನ್ನ ಒದಗಿಸುವುದೇ ಕಷ್ಟವಾಗಿದ್ದ ಬೊಕ್ಕಸ. ಆಗ ಕಾನ್ಪುರದ ಹುಲ್ಲಿನ ನಡುವೆ ಬಿದ್ದಿದ್ದ ಲೋಹದ ರಾಶಿಯ ಕಡೆಗೆ ಕಣ್ಣು ಹೊರಳಿತು. 1948ರಲ್ಲಿ ಸರ್ಕಾರವು ಬೆಂಗಳೂರಿನ ಕಾರ್ಖಾನೆಗೆ ಆ ಕೆಲಸವನ್ನು ವಹಿಸಿತು.

ಬೆಂಗಳೂರಿನಿಂದ ಹೋದ ಪರಿಣತರು ಅಲ್ಲಿ ಕಂಡುದು ಹುರುಪು ಕೊಡುವ ನೋಟವಾಗಿರಲಿಲ್ಲ. ಆದರೆ ಕುಶಲಿಯ ಕಣ್ಣು ರಾಶಿಯನ್ನು ರಾಶಿಯಾಗಿ ನೋಡದು, ಬಿಡಿಬಿಡಿಯಾಗಿ ನೋಡುತ್ತದೆ. ನಾಶಮಾಡಿದವರು ಎಲ್ಲ ವಿಮಾನಗಳನ್ನೂ ಒಂದೇ ಬಗೆಯಾಗಿ ಕೆಡಿಸಿರಲಿಲ್ಲ. ಒಂದರ ಮೂತಿ ಜಜ್ಜಿದ್ದರೆ ಬಾಲ ನೆಟ್ಟಗಿತ್ತು. ಇನ್ನೊಂದರ ಗಾಲಿ ಮುರಿದಿದ್ದರೆ ರೆಕ್ಕೆ ಸರಿಯಾಗಿತ್ತು. ಎರಡು ಮೂರು ವಿಮಾನಗಳ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದನ್ನು ನಿಲ್ಲಿಸಬಹುದಾಗಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಅನುಕೂಲವಿತ್ತು. ಲಿಬರೇಟರಿನ ಎಂಜಿನು ಪ್ರಾಟ್ ಅಂಡ್ ವಿಟ್ನಿ ಸಂಸ್ಥೆಯ ಟ್ವಿನ್ ವಾಸ್ಪ್ ಎಂಬುದು. ಡಕೋಟಾ ಮತ್ತು ಕ್ಯಾಟಲೀನಾಗಳಲ್ಲಿದ್ದುದೂ ಅದೇ ವಂಶದ ಎಂಜಿನು. ಹೊಂದಿಕೆಯಲ್ಲಿ ಕೆಲವು ಭೇದಗಳಿದ್ದರೂ ಅದರ ಅಂತರಂಗವು ಯುದ್ಧಕಾಲದಲ್ಲಿ ಬೆಂಗಳೂರಿನ ಕೆಲಸಗಾರರ ಕೈಯಾಡಿದ ವಸ್ತುವೇ ಆಗಿತ್ತು. ಅಸಾಧ್ಯವೆಂದು ತೋರಿದ ಕಾರ್ಯವು ಸಾಧ್ಯವಾದುದು ಕೇವಲ ಸಾಹಸದಿಂದಲ್ಲ. ಐದು ವರ್ಷ ಮೊದಲು ಕಲಿತ ವಿದ್ಯೆ ತಕ್ಕ ಸಮಯದಲ್ಲಿ ಫಲಕೊಟ್ಟುದೇ ಅದರ ಗುಟ್ಟು.

ಆದರೂ ಸಾಹಸದ ಭಾಗವೂ ಅದರಲ್ಲಿ ಇದ್ದೇ ಇತ್ತು. 110 ಅಡಿ ಅಗಲದ ವಿಮಾನವನ್ನು ಬಂಡಿಯ ಮೇಲೆ ಹೇರಿ ತರುವಂತಿರಲಿಲ್ಲ. ಪೂರ್ಣ ದುರಸ್ತಿಗೆ ಬೇಕಾದ ಸಲಕರಣೆಗಳೆಲ್ಲ ಬೆಂಗಳೂರಿನಲ್ಲಿದ್ದವು. ವಿಮಾನಗಳು ಸುಮಾರು 1,500 ಕಿಲೋಮೀಟರು ದೂರದ ಕಾನ್ಪುರದಲ್ಲಿದ್ದವು. ಆದ್ದರಿಂದ ಅಲ್ಲಿಯೇ ಅವುಗಳನ್ನು ಒಂದು ಸಲ ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಹಾರಿಸಿಕೊಂಡು ಬರುವುದೊಂದೇ ಉಪಾಯವಾಗಿತ್ತು. ಈ ಹೊಣೆಯನ್ನು ಹೊತ್ತವರು ಕಾರ್ಖಾನೆಯ ಪರೀಕ್ಷಾ ವೈಮಾನಿಕರಾದ ಕ್ಯಾಪ್ಟನ್ ಜಮ್‌ಶೆಡ್ ಮುನ್ಶಿಯವರು. ಯುದ್ಧಕಾಲದಲ್ಲಿ ಶತ್ರುವಿನ ಗುಂಡು ಎಲ್ಲಿಂದ ಬರುವುದೆಂದು ವೈಮಾನಿಕನು ಎದುರುನೋಡುತ್ತಾನೆ. ಇಲ್ಲಿ ಅಪಾಯವು ಹೊರಗಿರಲಿಲ್ಲ. ಮರಳು ತಿಂದ ಎಂಜಿನು ನಡುದಾರಿಯಲ್ಲಿ ನಿಲ್ಲಬಹುದು; ಕಣ್ಣಿಗೆ ಕಾಣದ ಬಿರುಕು ಗಾಳಿಯ ಒತ್ತಡಕ್ಕೆ ಬಾಯಿ ಬಿಡಬಹುದು. ಹಾರಿದ ಮೇಲಲ್ಲದೆ ತಿಳಿಯುವಂತಿರಲಿಲ್ಲ. ಹೀಗಿದ್ದರೂ ಒಂದಾದ ಮೇಲೊಂದರಂತೆ ಸುಮಾರು 40 ಲಿಬರೇಟರುಗಳು ವಿಂಧ್ಯವನ್ನು ದಾಟಿ, ದಖ್ಖನ್ ಪ್ರಸ್ಥಭೂಮಿಯ ಮೇಲೆ ಹಾದು ಬೆಂಗಳೂರು ಸೇರಿದವು. ವೈಮಾನಿಕನ ಧೈರ್ಯವನ್ನು ಲೋಕವು ಹೊಗಳುತ್ತದೆ, ಅದು ಉಚಿತವೇ. ಆದರೆ ಆ ಧೈರ್ಯಕ್ಕೆ ಆಧಾರವಾದುದು, ಕಾನ್ಪುರದ ಬಿಸಿಲಿನಲ್ಲಿ ಒಂದೊಂದು ಮೊಳೆಯನ್ನೂ ಮುಟ್ಟಿ ನೋಡಿದ, ಹೆಸರು ತಿಳಿಯದ ಕೆಲಸಗಾರನ ಪ್ರಾಮಾಣಿಕತೆ. ಅವನು ಒಂದು ಕಡೆ ಅಲಕ್ಷ್ಯ ಮಾಡಿದ್ದರೂ ಅದರ ಬೆಲೆಯನ್ನು ಇನ್ನೊಬ್ಬನು ಪ್ರಾಣದಿಂದ ತೆರಬೇಕಾಗುತ್ತಿತ್ತು.

ಬೆಂಗಳೂರಿನಲ್ಲಿ ಪ್ರತಿಯೊಂದು ವಿಮಾನವೂ ಕೂಲಂಕಷವಾಗಿ ದುರಸ್ತಿ ಹೊಂದಿ ಹೊರಬಂದಿತು. 1948ರ ನವೆಂಬರ್ 2ರಂದು ಈ ವಿಮಾನಗಳಿಂದಲೇ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಕಾನ್ಪುರದಲ್ಲಿ ಸ್ಥಾಪನೆಯಾಯಿತು. ದೇಶದ ಮೊದಲ ಭಾರಿ ಬಾಂಬು ವಿಮಾನದಳ ಅದು. ಲಿಬರೇಟರುಗಳನ್ನು ಒಡೆದು ಹಾಕಿದ ನೆಲದಲ್ಲಿಯೇ ಅವು ಮತ್ತೆ ಸಾಲಾಗಿ ನಿಂತವು! 1957ರಲ್ಲಿ ಆ ದಳಕ್ಕೆ ಕ್ಯಾನ್‌ಬೆರಾ ಎಂಬ ಜೆಟ್ ವಿಮಾನಗಳು ಬಂದವು. ಆದರೂ ಲಿಬರೇಟರಿನ ಕೆಲಸ ಮುಗಿಯಲಿಲ್ಲ. ಬಹುಕಾಲ, ಬಹುದೂರ ಹಾರಬಲ್ಲ ಅದರ ಗುಣವು ಸಮುದ್ರದ ಕಾವಲಿಗೆ ಹೇಳಿ ಮಾಡಿಸಿದಂತಿತ್ತು. 1951ರಲ್ಲಿ ಸ್ಥಾಪನೆಯಾದ ಆರನೆಯ ಸ್ಕ್ವಾಡ್ರನ್ ಅದನ್ನು ಆ ಕಾರ್ಯಕ್ಕೆ ಬಳಸಿತು. ಊರುಗಳ ಮೇಲೆ ಬೆಂಕಿ ಸುರಿಯಲು ಹುಟ್ಟಿದ ವಿಮಾನವು ತನ್ನ ಎರಡನೆಯ ಬಾಳಿನಲ್ಲಿ ತೀರವನ್ನು ಕಾಯುವ ಕಾವಲುಗಾರನಾಯಿತು. 1968ರ ಕೊನೆಯಲ್ಲಿ ಅವು ನಿವೃತ್ತವಾದವು. ಹುಟ್ಟಿದ ದೇಶದ ಸೇನೆಯು ಬಹಳ ಹಿಂದೆಯೇ ಕೈಬಿಟ್ಟಿದ್ದ ವಿಮಾನಗಳನ್ನು, ಗುಜರಿಯಿಂದ ಎತ್ತಿದ ದೇಶವು ಇಪ್ಪತ್ತು ವರ್ಷ ಬಾಳಿಸಿತು.

ಲಿಬರೇಟರಿನ ಜೊತೆಯವನಾದ ಡಕೋಟಾದ ಬಾಳು ಇದಕ್ಕಿಂತ ಸೌಮ್ಯವಾದುದು. ಸೈನಿಕರನ್ನೂ ಮದ್ದುಗುಂಡುಗಳನ್ನೂ ಹೊರಲು ಹುಟ್ಟಿದ ಈ ವಿಮಾನಗಳು ಯುದ್ಧಾನಂತರ ಕಡಿಮೆ ಬೆಲೆಗೆ ಮಾರಾಟವಾದವು. ಬೆಂಗಳೂರಿನ ಕಾರ್ಖಾನೆಯು ಅವುಗಳಲ್ಲಿ ಹಲವನ್ನು ಪ್ರಯಾಣಿಕರಿಗೆ ತಕ್ಕಂತೆ ಮಾರ್ಪಡಿಸಿತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ಸೈನಿಕರನ್ನು ಇಳಿಸಿದುದು ಡಕೋಟಾ. 1949ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ಅಂಚೆಯನ್ನು ನಡುರಾತ್ರಿ ನಾಗಪುರದಲ್ಲಿ ಕೂಡಿಸಿ, ಹಂಚಿ, ಬೆಳಗಾಗುವುದರೊಳಗೆ ಮುಟ್ಟಿಸಿದುದೂ ಡಕೋಟಾ. 1953ರಲ್ಲಿ ಎಂಟು ಖಾಸಗಿ ಸಂಸ್ಥೆಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಅದರ ಬೆನ್ನೆಲುಬಾಗಿದ್ದುದೂ ಈ ಹಳೆಯ ಯುದ್ಧವಿಮಾನಗಳೇ. ಅದೇ ಕಾಲದಲ್ಲಿ ವಿಮಾನದ ಕೆಲಸ ಸಾಲದೆ ಬಂದಾಗ ಬೆಂಗಳೂರಿನ ಕಾರ್ಖಾನೆಯು ಲೋಹದ ರೈಲು ಬೋಗಿಗಳನ್ನು ಕಟ್ಟಲು ತೊಡಗಿತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಮುಂದೆ ಆ ಕೆಲಸವನ್ನು ವಹಿಸಿಕೊಂಡಿತು. ವಿಮಾನದ ತಗಡನ್ನು ಜೋಡಿಸಲು ಕಲಿತ ಕೈಗಳು ಸಾಮಾನ್ಯ ಜನರ ಪಯಣಕ್ಕೂ ಒದಗಿದವು.

ನಿವೃತ್ತವಾದ ಲಿಬರೇಟರುಗಳಿಗೆ ಮೂರನೆಯ ಬಾಳೂ ಒಂದು ಕಾದಿತ್ತು. 18,000ಕ್ಕೂ ಹೆಚ್ಚು ಲಿಬರೇಟರುಗಳನ್ನು ಕಟ್ಟಿದ ಜಗತ್ತು, ಅವುಗಳ ಮಾದರಿಗಾಗಿ ಹುಡುಕತೊಡಗಿದಾಗ ತನ್ನ ಬಳಿ ಹೆಚ್ಚೇನೂ ಉಳಿದಿಲ್ಲವೆಂಬುದನ್ನು ಕಂಡಿತು. ಬಹುಪಾಲು ಕುಲುಮೆ ಸೇರಿದ್ದವು. ಆಗ ವಸ್ತುಸಂಗ್ರಹಾಲಯಗಳವರು ಭಾರತದ ಕಡೆಗೆ ತಿರುಗಿದರು. ಕೆನಡಾದ ಒಟ್ಟಾವದಲ್ಲಿಯೂ, ಅಮೆರಿಕದ ಟೂಸಾನ್‌ನ ಪೀಮಾ ಸಂಗ್ರಹಾಲಯದಲ್ಲಿಯೂ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿಯೂ ಭಾರತೀಯ ವಾಯುಪಡೆಯಲ್ಲಿ ದುಡಿದ ಲಿಬರೇಟರುಗಳಿವೆ. ಅಂತಹುದೇ ಇನ್ನೊಂದು ವಿಮಾನವನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವು ಸಿದ್ಧಪಡಿಸಿ 1989ರಲ್ಲಿ ಮತ್ತೆ ಹಾರಿಸಿತು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿಯೂ ಒಂದನ್ನು ಉಳಿಸಿಕೊಳ್ಳಲಾಗಿದೆ. ಕೊಟ್ಟವರೂ ಒಡೆದವರೂ ತಮ್ಮ ಚರಿತ್ರೆಯ ಸಾಕ್ಷಿಯನ್ನು, ಅದನ್ನು ಆರಿಸಿ ಇಟ್ಟುಕೊಂಡವರಿಂದಲೇ ಪಡೆಯಬೇಕಾಯಿತು. ಕಾಲವು ನಗುವುದಾದರೆ ಇಂತಹ ಸಂದರ್ಭದಲ್ಲಿಯೇ ನಗಬೇಕು.

ಇಷ್ಟರಿಂದ, ಹಳೆಯದನ್ನು ದುರಸ್ತಿ ಮಾಡಿಕೊಂಡೇ ಒಂದು ದೇಶವು ಬಾಳಬೇಕೆಂದು ಯಾರೂ ತಿಳಿಯಲಾಗದು. ಇತರರು ರೂಪಿಸಿದ ಯಂತ್ರವನ್ನು ಸರಿಪಡಿಸುವುದು ಬೇರೆ, ಸ್ವಂತ ಯಂತ್ರವನ್ನು ರೂಪಿಸುವುದು ಬೇರೆ. ಮೊದಲನೆಯದರಲ್ಲಿಯೇ ತೃಪ್ತಿ ಹೊಂದುವ ದೇಶವು ಎಂದೆಂದಿಗೂ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಈ ಎಚ್ಚರವು ಬೆಂಗಳೂರಿನ ಕಾರ್ಖಾನೆಗೆ ಇತ್ತು. ಲಿಬರೇಟರುಗಳ ಕೆಲಸ ನಡೆಯುತ್ತಿದ್ದ ಆ ವರ್ಷಗಳಲ್ಲಿಯೇ ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರ ನೇತೃತ್ವದ ತಂಡವು ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸುತ್ತಿತ್ತು. 1951ರ ಆಗಸ್ಟಿನಲ್ಲಿ ಅದು ಮೊದಲ ಬಾರಿ ಹಾರಿತು. ಅದನ್ನು ಹಾರಿಸಿದವರು ಮುರಿದ ಲಿಬರೇಟರುಗಳನ್ನು ಕಾನ್ಪುರದಿಂದ ತಂದ ಅದೇ ಮುನ್ಶಿಯವರು. ಆ ಚಿಕ್ಕ ವಿಮಾನದಲ್ಲಿ ಭಾರತೀಯ ವಾಯುಪಡೆಯ ಅನೇಕ ತರುಣರು ಹಾರಾಟದ ಮೊದಲ ಪಾಠವನ್ನು ಕಲಿತರು.

ಸಾಂಬ್ರಾದ ಬಯಲೂ ಯುದ್ಧದೊಡನೆ ಮುಗಿಯಲಿಲ್ಲ. ಇಂದು ಅಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ದೇಶದ ನಾನಾ ಭಾಗಗಳ ತರುಣರು ಅಲ್ಲಿಗೆ ಬಂದು ಶಿಸ್ತನ್ನೂ ವಿದ್ಯೆಯನ್ನೂ ಕಲಿಯುತ್ತಾರೆ. ಅದೇ ಬಯಲಿನಲ್ಲಿ ಪ್ರಯಾಣಿಕರ ವಿಮಾನಗಳೂ ಇಳಿಯುತ್ತವೆ. ಗೋಕಾಕದ ವ್ಯಾಪಾರಿ, ಮೂಡಲಗಿಯ ವಿದ್ಯಾರ್ಥಿ, ಹುಕ್ಕೇರಿಯ ರೋಗಿ ಅಲ್ಲಿಂದ ದೂರದ ನಗರಗಳಿಗೆ ಹಾರಬಹುದಾಗಿದೆ. ಪರರ ಯುದ್ಧಕ್ಕಾಗಿ ಹದಗೊಳಿಸಿದ ನೆಲವು ತನ್ನವರ ಬಾಳಿಗೆ ಒದಗಿತು.

ಯುದ್ಧವು ಬಿಟ್ಟು ಹೋಗುವ ವಸ್ತುಗಳಿಗೆ ತಮ್ಮದೇ ಆದ ಒಳ್ಳೆಯತನವಾಗಲಿ ಕೆಟ್ಟತನವಾಗಲಿ ಇಲ್ಲ. ಅದೇ ಲೋಹವು ಬಾಂಬನ್ನು ಹೊತ್ತಿತು, ತೀರವನ್ನು ಕಾಯಿತು, ಅಂಚೆಯನ್ನು ಮುಟ್ಟಿಸಿತು. ಅದಕ್ಕೆ ಗುಣವನ್ನು ಕೊಡುವುದು ಅದನ್ನು ಹಿಡಿದ ಕೈ, ಆ ಕೈಯನ್ನು ನಡೆಸುವ ಬುದ್ಧಿ. ಎಂಜಿನಿನೊಳಗೆ ಮರಳನ್ನು ಸುರಿಯಲು ಒಂದು ಗಳಿಗೆ ಸಾಕು. ಅದನ್ನು ಕಣಕಣವಾಗಿ ತೊಳೆದು ಮತ್ತೆ ಓಡಿಸಲು ತಿಂಗಳುಗಳ ತಾಳ್ಮೆಯೂ ವರ್ಷಗಳ ವಿದ್ಯೆಯೂ ಬೇಕು. ಒಡೆಯುವುದಕ್ಕೆ ಬಲವಿದ್ದರೆ ಸಾಕು; ಕೂಡಿಸುವುದಕ್ಕೆ ಅರಿವು ಬೇಕು. ಅಂತಹ ಅರಿವುಳ್ಳ ಕೈಗಳು ಇರುವವರೆಗೆ ಯಾವ ರಾಶಿಯೂ ಬರಿಯ ಗುಜರಿಯಲ್ಲ.